ವಜ್ರಬಾಹುವಿನ ದನಿ

ನಾನು ಒಂದು ಮೈಕು. ಮದುವೆ ಮನೆಯಲ್ಲಿ ಕೀಚಲು ದನಿಯಲ್ಲಿ ಅರಚುವ ಥರದ್ದಲ್ಲ, ಸ್ಟುಡಿಯೋ ಮೈಕು! ಕಾರ್ಖಾನೆಯಲ್ಲಿ ನನ್ನೊಳಗೆ ತೆಳ್ಳನೆಯ ಪೊರೆ ಕೂರಿಸಿದ ದಿನದಿಂದ ಸೂಜಿ ಬಿದ್ದರೂ ನನಗೆ ಕೇಳುತ್ತದೆ. ಆ ಜಂಬ ನನಗೆ ಸ್ವಲ್ಪ ಜಾಸ್ತಿಯೇ ಇತ್ತು. ಮೊದಲು ಭಾವಗೀತೆ ಹಾಡುವವರ ಬಳಿ ಇದ್ದೆ. ಅವರು ಮಾರಿದ ಮೇಲೆ ರಾಜಾಜಿನಗರದ ಒಂದು ಡಬ್ಬಿಂಗ್ ಸ್ಟುಡಿಯೋ ಸೇರಿದೆ.

ಅಲ್ಲಿಗೆ ರೋಬೋಗಳ ಯುದ್ಧದ ಕಾರ್ಟೂನ್ ಧಾರಾವಾಹಿಯೊಂದರ ಮೊದಲ ಸೀಸನ್ ಬಂತು. ಇಪ್ಪತ್ತಾರು ಕಂತು. ಅದರ ದಳಪತಿ ವಜ್ರಬಾಹುವಿಗೆ ದನಿ ಕೊಡಲು ಗದಗಿನ ನೀಲಕಂಠಪ್ಪ ಹೂಗಾರರು ಬಂದರು. ನಾಟಕ ಕಂಪನಿಯಲ್ಲಿ ದುರ್ಯೋಧನ ಮಾಡಿ ಮಾಗಿದ ಗಂಟಲು. ಕಂಪನಿ ಮುಚ್ಚಿದ ಮೇಲೆ ಅವರನ್ನು ಯಾರೂ ಕರೆದಿರಲಿಲ್ಲ. ಮೊದಲ ದಿನ ನನಗೆ ಕೈಮುಗಿದೇ ಬಾಯಿ ತೆರೆದರು. ಅಬ್ಬಬ್ಬಾ, ಏನು ಕಂಠ! ನನ್ನ ಪೊರೆ ಗಡಗಡ ನಡುಗಿತು.

ಮೂರನೇ ಕಂತಿನಲ್ಲಿ ಆ ದನಿಯೊಳಗೆ ಗಂಟಲು ಕಟ್ಟಿದಂಥ ಒಂದು ಗೊಗ್ಗರು ಕೇಳಿಸಿತು. ದಿನೇ ದಿನೇ ಹೆಚ್ಚಿತು. ಡಬ್ಬಿಂಗ್ ಮಾಡಿಸುತ್ತಿದ್ದ ವೈಜಯಂತಿ ಮೇಡಂ ಕುಣಿದಾಡಿಬಿಟ್ಟರು.

"ಸೂಪರ್ ಸರ್! ಕಬ್ಬಿಣಾನೇ ಮಾತಾಡಿದ ಹಾಗಿದೆ. ಇದನ್ನೇ ಇಟ್ಕೊಳ್ಳಿ."

ಪಾಪ, ನೀಲಕಂಠಪ್ಪನವರೂ ಉಬ್ಬಿಹೋದರು. ಬಿಸಿನೀರು ಕುಡಿದು ಮತ್ತೆ ಗುಡುಗಿದರು. ಡಾಕ್ಟರಿಗೆ ತೋರಿಸಿ ಎಂದು ಯಾರೂ ಹೇಳಲಿಲ್ಲ.

ಕೊನೆಯ ಕಂತು. ತನ್ನ ಪಡೆಯನ್ನು ಉಳಿಸಲು ವಜ್ರಬಾಹು ಒಬ್ಬನೇ ಬೆಂಕಿಗೆ ನುಗ್ಗಬೇಕು. 'ನಾನು ಹೋಗ್ತೀನಿ' ಎನ್ನಬೇಕು. ನೀಲಕಂಠಪ್ಪನವರು ಪ್ರತಿ ಸಲವೂ 'ಹೋಗಿ ಬರ್ತೀನಿ' ಎಂದರು.

"ಸರ್, ಅವನು ಸಾಯೋಕೆ ಹೊರಟಿದಾನೆ. ವಾಪಸ್ ಬರಲ್ಲ."

"ಅಲ್ರೀ ಮೇಡಂ, ಹೊಂಟು ನಿಂತಾಗ 'ಹೋಗ್ತೀನಿ' ಅಂತ ಯಾರರ ಅಂತಾರೇನ್ರೀ? ನಾಲಿಗಿ ಹೊರಳವಲ್ದು."

ಏಳು ಸಲ ಆಯಿತು. ಎಂಟನೆಯ ಸಲ ಕಣ್ಣು ಮುಚ್ಚಿ 'ನಾನು ಹೋಗ್ತೀನಿ' ಅಂದುಬಿಟ್ಟರು. ಅದೇ ಅವರ ಕೊನೆಯ ಮಾತಾಯಿತು ನನ್ನ ಪಾಲಿಗೆ.

ತಿಂಗಳೊಳಗೆ ಅವರ ಗಂಟಲಿಗೆ ಆಪರೇಷನ್ ಆಯಿತು. ಗಡ್ಡೆ ತೆಗೆದರು. ದನಿಯೂ ಹೋಯಿತು.

ಮರುವರ್ಷ ಎರಡನೇ ಸೀಸನ್ ಬಂದಾಗ ನೋಡಿದರೆ, ವಜ್ರಬಾಹು ಬದುಕಿ ಬಂದಿದ್ದಾನೆ! ಆಪರೇಷನ್ ಆಗಿದೆಯೆಂದಷ್ಟೇ ಗೊತ್ತಿದ್ದ ಮೇಡಂ ಸಂಭ್ರಮದಿಂದ ಹೇಳಿ ಕಳಿಸಿದರು. ನೀಲಕಂಠಪ್ಪನವರು ಹೆಂಡತಿ ಗಂಗವ್ವನ ಜೊತೆ ಬಂದರು. ಕೊರಳಿಗೆ ಟವೆಲ್ಲು ಸುತ್ತಿತ್ತು. ನನ್ನ ಮುಂದೆ ನಿಂತು ಬಾಯಿ ತೆರೆದರು. ಬರೀ ಗಾಳಿ ಬಂತು.

ಗಂಗವ್ವ ಮೇಡಂ ಕಡೆ ತಿರುಗಿದರು.

"ಒಲ್ಲೆ ಒಲ್ಲೆ ಅಂದ್ರಂತಲ್ರೀ ಇವ್ರು. ಆ ಮಾತು ಯಾಕರ ಆಡಿಸಿದ್ರೀ ನಮ್ಮವ್ವಾ?"

ಮೇಡಂ ಮುಖ ಮುಚ್ಚಿಕೊಂಡು ಅತ್ತರು.

ಈಗ ಹೊಸ ಮೈಕು ಬಂದಿದೆ. ನಾನು ಬೀರುವಿನಲ್ಲಿ ಹಳೇ ವೈರುಗಳ ನಡುವೆ ಬಿದ್ದಿದ್ದೇನೆ. ಗಂಗವ್ವ ಇನ್ನೂ ಆ ಒಂದು ಮಾತನ್ನೇ ಶಪಿಸುತ್ತಿರಬಹುದು. ಮಾತಿನದೇನೂ ತಪ್ಪಿಲ್ಲ ತಾಯಿ. ಮೂರನೇ ಕಂತಿನಲ್ಲೇ ಆ ಗೊಗ್ಗರು ನನಗೆ ಕೇಳಿತ್ತು. ಅವತ್ತು ನಾನು ಒಂದು ಸಲ ಕೆಟ್ಟು ಕೂತಿದ್ದರೆ ರೆಕಾರ್ಡಿಂಗ್ ನಿಲ್ಲುತ್ತಿತ್ತು. ಅವರು ಬಿಡುವು ಸಿಕ್ಕಿತೆಂದು ಗಂಟಲು ತೋರಿಸಿಕೊಂಡು ಬರುತ್ತಿದ್ದರೇನೋ. ಇಪ್ಪತ್ತಾರು ಕಂತು ಮುಗಿಯುವವರೆಗೆ ನಾನು ಒಂದು ದಿನವೂ ಕೆಡಲಿಲ್ಲ.