ಕಾಣದ ಹೊಲಿಗೆ

ಬೀದಿ ನಲ್ಲಿಗೆ ಬೆಳಿಗ್ಗೆ ಬಿಂಕ ಜಾಸ್ತಿ. ಕೆಮ್ಮುತ್ತದೆ, ಉಗುಳುತ್ತದೆ, ಆಮೇಲೆ ಮನಸ್ಸು ಬಂದರೆ ನೀರು ಬಿಡುತ್ತದೆ. ಸೂಜಿಯ ಕೊಡ ಇನ್ನೂ ಅರ್ಧ ತುಂಬಿತ್ತಷ್ಟೇ, ಇಸ್ತ್ರಿ ಅಂಗಡಿಯ ಮಾಮ ಕಿಟಕಿಯಿಂದ ಕತ್ತು ಚಾಚಿ ಕೂಗಿದ.

"ಏ ಸೂಜಿ! ಓಡು, ಓಡು. ಧರ್ಮಾತ್ಮರು ಹೊತ್ತಿಗೆ ಮುಂಚೆನೇ ಬಂದ್ಬಿಟ್ಟಿದಾರೆ!"

"ಬಂದೋರು ಕೂತಿರ್ಲಿ ಮಾಮ. ನಾಳೆ ನೀರು ಬರುತ್ತೋ ಇಲ್ವೋ."

"ನಾಳೆ ಸೈಕಲ್ ಬರುತ್ತಾ?"

ಸೂಜಿ ನಲ್ಲಿ ತಿರುಗಿಸಿ ನಿಲ್ಲಿಸಿದಳು. ಅರ್ಧ ಕೊಡವನ್ನೇ ಸೊಂಟಕ್ಕೇರಿಸಿದಳು.

ಹದಿನೈದರ ಆ ಹುಡುಗಿಗೆ ಸೂಜಿ ಎಂಬ ಹೆಸರು ಅಂಟಿದ್ದು ಅವಳ ಅಮ್ಮನ ಕಸುಬಿನಿಂದ; ಅಂಟಿಕೊಂಡೇ ಉಳಿದದ್ದು ಅವಳ ನಾಲಿಗೆಯಿಂದ. ಅಮ್ಮ ರಫು ಕೆಲಸದವಳು. ಹರಿದದ್ದು, ಸುಟ್ಟದ್ದು, ಇಲಿ ಕಡಿದದ್ದು ಏನೇ ತಂದುಕೊಟ್ಟರೂ ಅದೇ ಬಟ್ಟೆಯ ಅಂಚಿನಿಂದ ಎಳೆ ಬಿಡಿಸಿ, ನೇಯ್ದ ಹಾಗೆ ತೂತು ಮುಚ್ಚುವಳು.

ಊರಿನ ಶಾಲೆ ಹತ್ತನೇ ತರಗತಿಗೆ ಮುಗಿದುಹೋಗುತ್ತಿತ್ತು. ಮುಂದೆ ಓದಬೇಕಾದರೆ ಹೊಳೆಯಾಚೆಯ ಊರು. ಬಸ್ಸು ಇತ್ತ ತಲೆ ಹಾಕಿಯೂ ಮಲಗದು. ಸೈಕಲ್ ಇಲ್ಲದವರನ್ನು ಹೆಂಚಿನ ಕಾರ್ಖಾನೆ ಕೈಬೀಸಿ ಕರೆಯುತ್ತಿತ್ತು. ಸೂಜಿಯ ಗೆಳತಿ ಆಗಲೇ ಹೋಗತೊಡಗಿದ್ದಳು, ಸಂಜೆ ಹುಬ್ಬಿನ ತನಕ ಕೆಂಪು ಧೂಳು ಮೆತ್ತಿಕೊಂಡು ಬರುತ್ತಿದ್ದಳು.

ಊರಿನ ಸಹಾಯ ಸಂಘದವರು ಈ ಸಲ ಒಬ್ಬ ಬಡ ಹುಡುಗಿಗೆ ಸೈಕಲ್ ಕೊಡುತ್ತಾರಂತೆ. ಅದಕ್ಕೆ ಮೊದಲು ಮನೆ ನೋಡುತ್ತಾರಂತೆ, ಫೋಟೋ ಹಿಡಿಯುತ್ತಾರಂತೆ. ಬಲಗೈಯಲ್ಲಿ ಕೊಟ್ಟದ್ದು ಎಡಗೈಗೆ ಗೊತ್ತಾಗಬಾರದು ಎಂದು ಹಿರಿಯರು ಹೇಳಿದ್ದು ನಿಜ. ಆ ಹಿರಿಯರ ಬಳಿ ಕ್ಯಾಮೆರಾ ಇರಲಿಲ್ಲ, ಪಾಪ.

ಅಮ್ಮ ಹಿಂದಿನ ದಿನವೇ ಬೇಡಿಕೊಂಡಿದ್ದಳು. "ಮಗಳೇ, ನಿನ್ನ ಪ್ರಶ್ನೆಗಳಿಗೆಲ್ಲ ನಾಳೆ ಒಂದಿನ ರಜ ಕೊಡು. ಏನಂದ್ರೂ ಹೂಂ ಅನ್ನು, ಸಾಕು."

"ಮೂಗಿ ಅಂದ್ಕೊಂಡ್ರೆ?"

"ಅಂದ್ಕೊಳ್ಳಲಿ. ಎರಡು ಸೈಕಲ್ ಕೊಟ್ಟಾರು."

ಅಷ್ಟು ಹೇಳಿದವಳು ತಾನೇ ಎಡವಿದ್ದಳು. ಮನೆಗೆ ಜನ ಬರುವಾಗ ಹರಕು ತೋರಿಸುವುದುಂಟೆ ಎಂದು, ಗಿರಾಕಿಗಳ ಬಟ್ಟೆಯ ನಡುನಡುವೆ ವಾರವಿಡೀ ಕೂತು ಮಗಳ ಅಂಗಿಯನ್ನು ರಫು ಮಾಡಿದ್ದಳು. ನೆಲ ತಿಕ್ಕಿದ್ದಳು. ಪಾತ್ರೆಗಳಲ್ಲಿ ಮುಖ ಕಾಣುತ್ತಿತ್ತು.

ಇದ್ದ ಒಂದೇ ಕುರ್ಚಿಯಲ್ಲಿ ಸಂಘದ ಅಧ್ಯಕ್ಷೆ ಕೂತಿದ್ದರು, ಮೂಗಿಗೆ ಕರವಸ್ತ್ರ ಹಿಡಿದುಕೊಂಡು. ಕೋಣೆಯಲ್ಲಿ ಇದ್ದದ್ದು ಸೋಪಿನ ವಾಸನೆ ಮಾತ್ರ. ಸೂಜಿ ಕೊಡ ಇಳಿಸಿ ಅಂಗಿ ಬದಲಿಸಿ ಬಂದು ಗೋಡೆಗೆ ಒರಗಿ ನಿಂತಳು. ಫೋಟೋದವನು ಕ್ಯಾಮೆರಾ ಕಣ್ಣಿಗಿಟ್ಟು ಅತ್ತ ನೋಡಿದ, ಇತ್ತ ನೋಡಿದ, ಇಳಿಸಿದ.

"ಮೇಡಂ, ಬಡತನ ಬರ್ತಾ ಇಲ್ಲ."

ಕರೆಯದೆ ಬಂದು ತಾನು ಹುಟ್ಟಿದಾಗಿನಿಂದ ಮನೆಯಲ್ಲೇ ಠಿಕಾಣಿ ಹೂಡಿದ ಈ ನೆಂಟ, ಫೋಟೋ ಎಂದ ಕೂಡಲೇ ನಾಚಿಕೊಂಡು ಒಳಗೆ ಸೇರಿಕೊಂಡನೇ? ಸೂಜಿ ನಾಲಿಗೆ ಕಚ್ಚಿಕೊಂಡಳು.

"ಅಂಗಿ ಹೊಸದಾ?" ಅಧ್ಯಕ್ಷೆ ಕೇಳಿದರು.

"ಹೊಸದಲ್ಲ ಮೇಡಂ!" ಅಮ್ಮ ಅವಸರದಿಂದ ಅಂದಳು. "ನಮ್ಮಕ್ಕನ ಮಗಳು ಹಾಕಿ ಬಿಟ್ಟಿದ್ದು. ತೋಳು ಪೂರ್ತಿ ಹರಿದಿತ್ತು. ನೋಡಿ, ಇಲ್ಲಿ... ಇಲ್ಲೂನೂ."

ಅಧ್ಯಕ್ಷೆ ಬಗ್ಗಿದರು, ಕನ್ನಡಕ ಏರಿಸಿದರು. "ಎಲ್ಲಮ್ಮಾ? ಏನೂ ಕಾಣ್ತಾನೇ ಇಲ್ವಲ್ಲ!"

ರಫು ಕೆಲಸದವಳಿಗೆ ಇದಕ್ಕಿಂತ ದೊಡ್ಡ ಹೊಗಳಿಕೆಯಿಲ್ಲ. ಅಭ್ಯಾಸಬಲದಿಂದ ಅಮ್ಮನ ಮುಖ ಅರಳಿತು. ಅರಳಿದ್ದು ಹಾಗೆಯೇ ಬಾಡಿತು.

"ಆ ಹಿಂದಿನ ಬೀದಿ ಮನೆ ಚೆನ್ನಾಗಿತ್ತು ಮೇಡಂ," ಅಂದ ಫೋಟೋದವನು. "ಮೇಲೆ ಸೂರೇ ಇರ್ಲಿಲ್ಲ. ಬೆಳಕೂ ಒಳ್ಳೇದಿತ್ತು."

"ಇರಪ್ಪ, ಈ ಹುಡುಗಿ ಚೆನ್ನಾಗಿ ಓದ್ತಾಳಂತೆ." ಅಧ್ಯಕ್ಷೆ ಅಮ್ಮನ ಕಡೆ ತಿರುಗಿ ದನಿ ತಗ್ಗಿಸಿದರು. "ನಂಗೆ ನಿಮ್ಮ ಕಷ್ಟ ಅರ್ಥವಾಗುತ್ತೆ. ಆದ್ರೆ ದಾನಿಗಳ ಮನಸ್ಸು ಕರಗಬೇಕಲ್ಲ? ಒಂದು ಕೆಲಸ ಮಾಡಿ. ತೋಳಿನ ಹೊಲಿಗೆ ಸ್ವಲ್ಪ ಬಿಚ್ಚಿಬಿಡಿ. ಫೋಟೋಗಷ್ಟೇ."

ಅಮ್ಮ ಹೊಲಿಗೆ ಡಬ್ಬಿ ತೆರೆದಳು. ಪುಟ್ಟ ಕತ್ತರಿ ತಂದಳು. ತನ್ನದೇ ಹೊಲಿಗೆ ತನಗೇ ಕಾಣದೆ, ಕಣ್ಣು ಮುಚ್ಚಿ ಹೆಬ್ಬೆರಳಿನಿಂದ ತೋಳನ್ನು ಸವರಿ ಸವರಿ ಹುಡುಕಿದಳು. ಸಿಕ್ಕಿತು. ಹೂಂ ಅನ್ನು ಎಂಬಂತೆ ಮಗಳನ್ನು ನೋಡಿದಳು.

"ಹೂಂ," ಅಂದಳು ಸೂಜಿ.

ಒಂದು ಎಳೆ ತುಂಡಾಯಿತು. ಆಮೇಲೆ ಎಳೆಗಳು ತಾವಾಗಿಯೇ ಸಡಿಲಗೊಂಡವು. ಮೊಣಕೈ ಹೊರಗೆ ಇಣುಕಿತು.

"ಹಾಂ, ಈಗ ಬಂತು!" ಫೋಟೋದವನು ಹುರುಪಿನಿಂದ ಕೂತು ಗುರಿ ಹಿಡಿದ. "ಇನ್ನೂ ಸ್ವಲ್ಪ, ಅಮ್ಮ. ಭುಜದ ತನಕ."

ಕತ್ತರಿ ಮತ್ತೆ ಮೇಲೆದ್ದಿತು. ಅದನ್ನು ಹಿಡಿದ ಬೆರಳುಗಳು, ಸೂಜಿ ಚುಚ್ಚಿ ಚುಚ್ಚಿ ಜರಡಿಯಾದ ಆ ಬೆರಳುಗಳು, ಮುಂದಿನ ಎಳೆ ಹುಡುಕತೊಡಗಿದವು. ತೆರೆದ ಬಾಗಿಲಾಚೆ ಗೆಳತಿ ಕಾರ್ಖಾನೆಯ ದಾರಿ ಹಿಡಿದಿದ್ದಳು. ಒಳಗಿನ ಗುಂಪು ಕಂಡು ನಿಂತು, ಸೈಕಲ್ ಸಿಕ್ಕಿತೇನೇ ಎಂದು ಕಣ್ಣಲ್ಲೇ ಕೇಳಿದಳು.

ಸೂಜಿ ಅಮ್ಮನ ಮಣಿಕಟ್ಟು ಹಿಡಿದುಕೊಂಡಳು.

"ಬೇಡ ಕಣೇ," ಅಮ್ಮ ಪಿಸುಗುಟ್ಟಿದಳು. "ಸುಮ್ನಿರೇ."

ಸೂಜಿ ಮಣಿಕಟ್ಟು ಬಿಡಲಿಲ್ಲ. ಬಿಚ್ಚಿದ ತೋಳನ್ನು ಅಧ್ಯಕ್ಷೆಯ ಕಡೆ ಚಾಚಿ, ತೀರಾ ವಿನಯದಿಂದ ಕೇಳಿದಳು:

"ಮೇಡಂ, ಫೋಟೋ ಆದ್ಮೇಲೆ ಇದನ್ನ ಹೊಲಿಯೋಕೆ ನೀವು ಬರ್ತೀರಾ?"