ಕೊರೆಸಿದ ಕೋವಿ

ನನಗೂ ನನ್ನ ತಂಗಿ ಟ್ರೂಡಿಗೂ ಆಗಿಬರುವುದಿಲ್ಲ ಎಂದು ನಮ್ಮೂರು ಡಾರ್ಗೋ ಕಡೆಯವರು ಯಾರಾದರೂ ಹೇಳಿದರೆ ನಂಬಬೇಡಿ. ಚೆನ್ನಾಗಿಯೇ ಇದ್ದೇವೆ. ಅವಳ ಮಕ್ಕಳು ಅರ್ಧ ಬೆಳೆದದ್ದು ನನ್ನ ಅಡುಗೆಮನೆಯಲ್ಲಿ. ಆದರೆ ಬೇಟೆಯ ದಿನ, ಬಿದ್ದ ಕಡವೆಯ ಪಕ್ಕ ನಿಂತು ನಮ್ಮಪ್ಪ ಕ್ಲಾರಿ "ಇದು ಟ್ರೂಡೀದು" ಅಂದಾಗ ನನ್ನ ಹೊಟ್ಟೆಗೆ ಬೆಂಕಿ ಬೀಳುತ್ತದೆ. ಅದನ್ನು ಮುಚ್ಚಿಟ್ಟು ಒಳ್ಳೆಯವಳು ಅನ್ನಿಸಿಕೊಳ್ಳುವ ಆಸೆ ನನಗಿಲ್ಲ.

ನಮ್ಮ ತಂಡದಲ್ಲಿ ನಾಯಿಗಳು ಕಡವೆಯನ್ನು ಗುಡ್ಡದಿಂದ ಎಬ್ಬಿಸಿ ಕಣಿವೆಗೆ ಇಳಿಸುತ್ತವೆ, ನಾವು ಹೊಂಚು ಹಾಕಿ ನಿಂತಿರುತ್ತೇವೆ. ಯಾರ ಗುಂಡಿಗೆ ಬಿತ್ತೋ ಕೊಂಬು ಅವರದು, ಮಾಂಸ ಎಲ್ಲರದು. ತೀರ್ಮಾನ ಅಪ್ಪನದು. ನನ್ನನ್ನೂ ಟ್ರೂಡಿಯನ್ನೂ ಅವನು ಯಾವಾಗಲೂ ತೊರೆಯ ಮೇಲಿನ ಒಂದೇ ದಿಣ್ಣೆಯಲ್ಲಿ ನಿಲ್ಲಿಸುತ್ತಾನೆ. ಇಬ್ಬರ ಕೈಯಲ್ಲೂ ಅಜ್ಜ ಕೊಂಡಿದ್ದ ಸ್ವೀಡನ್ನಿನ ಜೋಡಿ ಕೋವಿಗಳು. ಒಂದೇ ಥರದ ಬೋಲ್ಟು, ಒಂದೇ ಅಳತೆಯ ನಳಿಗೆ, ಒಂದೇ ಡಬ್ಬಿಯ ತೋಟಾ. ಇಬ್ಬರೂ ಒಟ್ಟಿಗೆ ಹಾರಿಸಿ, ಕಡವೆಯ ಮೈಮೇಲೆ ಗಾಯ ಒಂದೇ ಇದ್ದರೆ, ಗುಂಡು ಯಾರದೆಂದು ದೇವರೇ ಹೇಳಬೇಕು. ದೇವರನ್ನು ಕೇಳುವ ಗೋಜಿಗೆ ಅಪ್ಪ ಹೋಗುವುದಿಲ್ಲ. ಟ್ರೂಡಿಯ ವರಾಂಡದ ಗೋಡೆಯಲ್ಲಿ ಕೊಂಬು ನೇತುಹಾಕಲು ಇನ್ನು ಜಾಗವಿಲ್ಲ. ನನ್ನ ಗೋಡೆಯಲ್ಲಿ ಕ್ಯಾಲೆಂಡರ್ ಇದೆ.

ಹೋದ ಚಳಿಗಾಲ ಒಂದು ಅಗಲ ಕೊಂಬಿನ ಕಡವೆಯೂ ಹಾಗೆಯೇ ಅವಳ ಪಾಲಾಯಿತು. ಅದು ನನ್ನ ಗುಂಡಿಗೇ ಬಿದ್ದದ್ದು, ಬೇಕಾದರೆ ಬೈಬಲ್ ಮುಟ್ಟಿ ಹೇಳುತ್ತೇನೆ. ಆ ಸಿಟ್ಟಿನಲ್ಲೇ ಕೋವಿ ಎತ್ತಿಕೊಂಡು ಬೇರ್ನ್ಸ್‌ಡೇಲ್ ಪೇಟೆಯ ಮರ್ವ್ ಹತ್ತಿರ ಹೋದೆ. ನಮ್ಮ ಸೀಮೆಯ ಕೋವಿಗಳನ್ನೆಲ್ಲ ರಿಪೇರಿ ಮಾಡುವವನು ಅವನೇ.

"ಏನಾಗಿದೆ ಇದಕ್ಕೆ?" ಅಂದ.

"ಏನೂ ಆಗಿಲ್ಲ. ನಳಿಗೆ ಕೊರೆದು ದಪ್ಪ ಗುಂಡು ಹಿಡಿಯೋ ಹಾಗೆ ಮಾಡ್ಕೊಡು."

"ಯಾಕಮ್ಮಾ, ಈ ಗುಂಡಿಗೆ ಕಡವೆ ಬೀಳ್ತಿಲ್ವಾ?"

"ಬೀಳ್ತಿವೆ. ಕೊಂಬು ಬೇರೆಯವರ ಮನೆಗೆ ಹೋಗ್ತಿವೆ."

ಮರ್ವ್ ಹಲ್ಲು ಕಿಸಿದ. ಬೋಲ್ಟು ತೆಗೆದು, ನಳಿಗೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ಒಂದು ಕಣ್ಣು ಮುಚ್ಚಿದ. "ಅಯ್ಯೋ ಮಾರಾಯ್ತಿ, ಒಳಗೆ ಕನ್ನಡಿ ಹಾಗಿದೆಯಲ್ಲೇ! ಇಂಥದ್ದನ್ನ ಕೊರಿ ಅಂತೀಯಲ್ಲ. ನೋಡು ನೋಲೀನ್, ಕೊರೆದ ಮೇಲೆ ತೆಗೆದ ಕಬ್ಬಿಣ ವಾಪಸ್ ತುಂಬು ಅಂದ್ರೆ ನನ್ನಿಂದಾಗಲ್ಲ. ಯೋಚನೆ ಮಾಡು."

"ಮಾಡಿಯಾಯ್ತು. ಕೊರಿ."

ಕೊರೆದ. ಗುಂಡು ತಿರುಗುತ್ತಾ ನೆಟ್ಟಗೆ ಹೋಗಲೆಂದು ಒಳಗೆ ಹೊಸದಾಗಿ ಸುತ್ತುಗೆರೆ ಕೆತ್ತಿದ. ನಳಿಗೆಯ ಮೇಲಿದ್ದ ಹಳೆಯ ಅಳತೆಯನ್ನು ಹೊಡೆದುಹಾಕಿ ಪಕ್ಕದಲ್ಲಿ ಹೊಸದನ್ನು ಒತ್ತಿದ. ಗುಂಡನ್ನು ಬಾಯಲ್ಲಿ ಕಚ್ಚಿ ಹಿಡಿಯುವ ತೋಟಾದ ಹಿತ್ತಾಳೆ ಕೊಪ್ಪೆ ಮೊದಲಿನದೇ, ಬಾಯಿ ಮಾತ್ರ ಅಗಲ. ಮೊದಲ ಈಡಿಗೇ ಕೋವಿ ನನ್ನ ಭುಜಕ್ಕೆ ಒದ್ದ ಒದೆತಕ್ಕೆ ಕಣ್ಣಲ್ಲಿ ನೀರು ಬಂತು. ಮರ್ವ್‌ನನ್ನು ಬೈದೆ, ಆದರೆ ಮನೆಗೆ ಹಾಡಿಕೊಂಡು ಬಂದೆ.

ಅಪ್ಪನಿಗೆ ಗೊತ್ತಾದಾಗ ಕೂಗಾಡಿದ. "ನಮ್ಮಪ್ಪನ ಕೋವೀನ ಕೊರೆಸ್ಕೊಂಡು ಬಂದ್ಯಾ? ತಲೆ ನೆಟ್ಟಗಿದೆಯಾ ನಿಂಗೆ? ಇನ್ಮೇಲೆ ಎರಡು ಥರ ತೋಟಾ ಹೊತ್ಕೊಂಡು ತಿರುಗ್ಬೇಕಾ?"

"ಕಡವೆ ದೊಡ್ಡ ಪ್ರಾಣಿ ಅಪ್ಪ. ಗುಂಡು ದಪ್ಪ ಇದ್ರೆ ಒಳ್ಳೇದಲ್ವಾ," ಅಂದೆ.

ಅಪ್ಪ ನಂಬಿದ. ಟ್ರೂಡಿ ನಂಬಲಿಲ್ಲ. ನಳಿಗೆಯ ಬಾಯಿಯನ್ನು ಬೆರಳಿನಿಂದ ಸವರಿ, ನನ್ನ ಮುಖ ನೋಡಿ, ಕೋವಿಯನ್ನು ವಾಪಸ್ ಕೊಟ್ಟಳು.

ನಮ್ಮ ಕಡೆ ಜೂನ್ ಅಂದರೆ ಚಳಿಗಾಲ; ಈ ಜೂನಿನಲ್ಲಿ ಕೊನೆಗೂ ಆ ದಿನ ಬಂತು. ಹುಲ್ಲಿನ ಮೇಲೆ ಮಂಜು ಗಟ್ಟಿಯಾಗಿತ್ತು. ನಾಯಿಗಳ ಬೊಗಳಾಟ ಕಣಿವೆಯಲ್ಲಿ ಹತ್ತಿರ ಹತ್ತಿರ ಬಂತು, ಹಿಂದೆಯೇ ಒಂದು ಭಾರಿ ಗಂಡು ಕಡವೆ ತೊರೆಗೆ ನುಗ್ಗಿತು. ಇಬ್ಬರೂ ಒಟ್ಟಿಗೆ ಹಾರಿಸಿದೆವು. ಅದು ಆಚೆ ದಡ ಹತ್ತಿ ಜರಿಗಿಡಗಳ ನಡುವೆ ಮುಗ್ಗರಿಸಿ ಬಿತ್ತು. ಹೋಗಿ ನೋಡಿದರೆ ಭುಜದ ಹಿಂದೆ ಒಂದೇ ಗಾಯ.

ಅಪ್ಪ ಏದುಸಿರು ಬಿಡುತ್ತಾ ಬಂದ. ಅವನ ಹಿಂದೆ ನಾಯಿಗಳನ್ನು ಹಿಡಿದುಕೊಂಡು ನಮ್ಮ ತಂಡದ ಸ್ಟಾನ್.

"ಇದು ಟ್ರೂ..." ಅಂತ ಅಪ್ಪ ಶುರು ಮಾಡಿದ.

"ಗುಂಡು ತೆಗೆದು ನೋಡು," ಅಂದೆ.

"ಏನೇ?"

"ಗುಂಡು ಅಪ್ಪ. ತೆಗೆದು ನೋಡಿ ಆಮೇಲೆ ಹೇಳು."

ಅಪ್ಪ ಗೊಣಗುತ್ತಲೇ ಚೂರಿ ತೆಗೆದ. ಗುಂಡು ಎದೆ ದಾಟಿ ಆಚೆ ಮಗ್ಗುಲಿನ ಚರ್ಮದಡಿ ಸಿಕ್ಕಿಕೊಂಡಿತ್ತು. ಮುಂಭಾಗ ಚಪ್ಪಟೆಯಾಗಿ ಅರಳಿತ್ತು, ಬುಡ ಮಾತ್ರ ಇದ್ದ ಹಾಗೇ ಇತ್ತು. ಅವನು ಟ್ರೂಡಿಯ ಖಾಲಿ ಕೊಪ್ಪೆ ಇಸಿದುಕೊಂಡು ಅದರ ಬಾಯಿಗೆ ಗುಂಡಿನ ಬುಡ ಒತ್ತಿದ. ಹೋಗಲಿಲ್ಲ. ತಿರುಗಿಸಿ ಒತ್ತಿದ. ಹೋಗಲಿಲ್ಲ. ನನ್ನ ಕೊಪ್ಪೆಗೆ ಇಟ್ಟ. ಸಲೀಸಾಗಿ ಕೂತಿತು.

"ಹೂಂ," ಅಂದ ಅಪ್ಪ. "ನಿಂದೇ ಕಣೇ ನೋಲ್."

ಆ ಮಾತಿಗಾಗಿ ಎಷ್ಟು ಚಳಿಗಾಲ ಕಾದಿದ್ದೇನೋ ನನಗೇ ಗೊತ್ತು. ಅಳು ಬಂತು, ನಾಚಿಕೆಯಾಗಲಿಲ್ಲ. ಆದರೆ ಅಪ್ಪ ನನ್ನ ಕಡೆ ನೋಡುತ್ತಿರಲಿಲ್ಲ. ಆ ಹಿತ್ತಾಳೆ ಕೊಪ್ಪೆಯನ್ನೇ ನೋಡುತ್ತಿದ್ದ. ಆಮೇಲೆ ಟ್ರೂಡಿಯ ಕಡೆ ತಿರುಗಿದ.

"ಬೇಜಾರು ಮಾಡ್ಕೋಬೇಡ ಪುಟ್ಟಿ. ನಿನ್ನ ಕೋವೀನೂ ಮರ್ವ್ ಹತ್ರ ಕೊರೆಸಿಬಿಡೋಣ. ಇಬ್ಬರಿಗೂ ಒಂದೇ ತೋಟಾ ಆಗುತ್ತೆ."

ಅಷ್ಟಾದರೆ ಮತ್ತೆ ಮೊದಲಿನ ಕಥೆಯೇ. ಒಪ್ಪಿಕೊಳ್ಳುತ್ತಾಳೆ, ಖಂಡಿತ ಒಪ್ಪಿಕೊಳ್ಳುತ್ತಾಳೆ, ಅವಳ ಜಾಗದಲ್ಲಿ ನಾನಿದ್ದಿದ್ದರೆ ಕುಣಿದುಕೊಂಡು ಒಪ್ಪುತ್ತಿದ್ದೆ.

"ಬೇಡಪ್ಪಾ," ಅಂದಳು ಟ್ರೂಡಿ. "ಎರಡೂ ಒಂದೇ ಆದ್ರೆ ನೀನು ಮತ್ತೆ ಎಲ್ಲಾ ನಂದೇ ಅಂತೀಯ. ಇಷ್ಟು ವರ್ಷ ಅವಳದ್ದೆಷ್ಟು ನನ್ನ ಗೋಡೆ ಮೇಲೆ ಬಂದು ಕೂತಿವೆಯೋ ಏನೋ. ನಂದು ಹೇಗಿದೆಯೋ ಹಾಗೇ ಇರ್ಲಿ. ಅವಳದು ಯಾವುದು ಅಂತ ಗೊತ್ತಾಗ್ಲಿ."

ಅಪ್ಪ ಬಾಯಿ ಬಿಟ್ಟುಕೊಂಡು ಅವಳನ್ನೇ ನೋಡಿದ. ಆ ನೋಟ ಇತ್ತಲ್ಲ, ಅಜ್ಜನ ಕೋವಿಯನ್ನು ನಾನು ಕೊರೆಸಿದ್ದು ಅದು ನನ್ನ ಮೇಲೆ ಬೀಳಲಿ ಅಂತ. ಕೊಂಬು ಯಾರಿಗೆ ಬೇಕಿತ್ತು?

"ಕೇಳಿಸ್ಕೊಂಡ್ಯಾ ಸ್ಟಾನ್?" ಅಂದ ಅಪ್ಪ. "ಎಂಥ ಮನಸ್ಸು ನೋಡೋ ನನ್ನ ಮಗಳದು!" ಅಂತ ಅವಳನ್ನು ಎದೆಗೆ ಎಳೆದುಕೊಂಡ. ಅವಳು ಅವನ ಭುಜದ ಮೇಲಿಂದ ನನ್ನ ಕಡೆ ನೋಡಿ ನಕ್ಕಳು. ಒಳ್ಳೆಯ ನಗುವೇ. ಅದರಲ್ಲಿ ಒಂದು ಚೂರು ಕುಹಕವಿದ್ದಿದ್ದರೂ ನಾನು ಬದುಕಿಕೊಳ್ಳುತ್ತಿದ್ದೆ.

"ನೋಲ್, ತಲೆ ಎತ್ತಿ ಹಿಡ್ಕೋ, ಕುತ್ತಿಗೆ ಕೊಯ್ಯಬೇಕು," ಅಂದ ಸ್ಟಾನ್. ನಾನು ನನ್ನ ಕೊಂಬುಗಳನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದೆ.