ಮೊದಲ ಹೆಸರು

ತುಳಸಿ ನೀರಿನ ಚೊಂಬು ಹಿಡಿದು ಚಂದಣ್ಣ ಸಾಲು ಸರಿಮಾಡುತ್ತಿದ್ದ. ಸತ್ತವನ ಬಾಯಿಗೆ ಬಿಡುವ ನೀರು ಮೊದಲು ಹೆಂಡತಿಯದು, ಊರವರದು ಕಡೆಗೆ. ತಲ್ಲೂರಿನ ಆ ಅಂಗಳದಲ್ಲಿ ಮಲಗಿದ್ದವನು ಅವನ ತಮ್ಮ ರಾಜೇಂದ್ರ. ಮೂವತ್ತು ವರ್ಷ ಹೊಳೆಯ ಕಪ್ಪೆಚಿಪ್ಪಿನ ಬೆನ್ನು ಬಿದ್ದ ವಿಜ್ಞಾನಿ. ಸೇರಿದ ಹುದ್ದೆಯಲ್ಲೇ ನಿವೃತ್ತನಾದ ಪುಣ್ಯಾತ್ಮ.

ಚಿಪ್ಪು ಹೆಕ್ಕುವ ಗುಲಾಬಿ ತೆಂಗಿನ ಬುಡದಲ್ಲೇ ನಿಂತಳು. ಅವನ ಬಡ್ತಿ ತಪ್ಪಿದ್ದು ತನ್ನಿಂದ ಎಂದು ಅವಳಿಗೆ ಗೊತ್ತಿತ್ತು. ರಾಜೇಂದ್ರನ ಹೆಂಡತಿ ಶರ್ಮಿಳಾ ಹನ್ನೆರಡು ವರ್ಷದಿಂದ ಅವಳ ಬುಟ್ಟಿಯನ್ನು ತನ್ನ ಅಂಗಳದಲ್ಲಿ ಇಳಿಸಗೊಟ್ಟಿರಲಿಲ್ಲ.

*

ಮರಳು ತೆಗೆದ ಗುಂಡಿಯಲ್ಲಿ ಮೂರು ಮಳೆಗಾಲ ಮರಿಚಿಪ್ಪು ನಿಲ್ಲುವುದಿಲ್ಲ ಎಂದವಳು ಗುಲಾಬಿ. ಸೊಂಟದ ಮಟ್ಟ ನೀರಿನಲ್ಲಿ, ಪಾದದಲ್ಲೇ ತಡವಿ ಕಂಡುಕೊಂಡದ್ದು. ರಾಜೇಂದ್ರ ನಾಲ್ಕು ವರ್ಷ ಅಳೆದ. ಅವಳ ಲೆಕ್ಕ ತಪ್ಪಲಿಲ್ಲ. ಪ್ರಬಂಧದಲ್ಲಿ ಅವಳ ಹೆಸರನ್ನೇ ಮೊದಲು ಬರೆದ.

“ನಂಗ್ ಓದುಕೇ ಬತ್ತಿಲ್ಲ ಸಾರ್. ಎಂತಕೆ?”

“ಕಂಡದ್ ನೀನ್. ನಾನ್ ಬರ್ದದ್ ಮಾತ್ರ.”

ಬಡ್ತಿಯ ಸಮಿತಿ ಎಣಿಸಿದ್ದು ಅಭ್ಯರ್ಥಿಯ ಹೆಸರು ಮೊದಲಿರುವ ಪ್ರಬಂಧಗಳನ್ನು, ಅವನ್ನು ಉಲ್ಲೇಖಿಸಿದವರನ್ನು ಮಾತ್ರ. ಪ್ರಬಂಧ ಅಚ್ಚಾದ ಪತ್ರಿಕೆಗೆ ಬರೆದು ಹೆಸರು ಹಿಂದೆಮುಂದೆ ಮಾಡಿಸಿ ಎಂದು ಶರ್ಮಿಳಾ ಅತ್ತಳು. ಅವನು ಚಿಪ್ಪಿನ ಸುಕ್ಕಕ್ಕೆ ಇನ್ನಷ್ಟು ಅನ್ನ ಕೇಳಿದ.

*

ಬೈಂದೂರಿನಿಂದ ಸಾವಿಗೆ ಬಂದ ರಾಜೇಂದ್ರನ ಹಳೆಯ ಶಿಷ್ಯ ಸುಧೀರ್, ಗುಲಾಬಿ ಮೇಡಂ ಯಾರೆಂದು ವಿಚಾರಿಸಿದ.

“ಮೇಡಮ್ಮಾ?” ಎಂದ ಚಂದಣ್ಣ. “ಅಗಾ, ಬುಟ್ಟಿ ಹಿಡ್ಕಂಡ್ ನಿಂತಿತ್ ಕಾಣ್.”

ಆ ಒಂದು ಪ್ರಬಂಧವನ್ನು ಈವರೆಗೆ ನಾನೂರ ಹನ್ನೆರಡು ಕಡೆ ಉಲ್ಲೇಖಿಸಿದ್ದಾರೆ ಎಂದು ಸುಧೀರ್ ಶರ್ಮಿಳಾಗೆ ಹೇಳಿದ. ಎಲ್ಲೆಲ್ಲಿಯದೋ ಹೊಳೆಗಳಲ್ಲಿ ಮರಳು ತೆಗೆಯುವ ಮುಂಚೆ ಜನ ಅದನ್ನು ತೆರೆದು ನೋಡುತ್ತಾರಂತೆ.

“ಎಲ್ಲಾ ಕಡೆ ಗುಲಾಬಿ ಮತ್ತು ಇತರರು ಅಂದೇ ಇಪ್ಪುದ್, ಶರ್ಮಿಳಕ್ಕ. ಸಾರ್ ಆ ಇತರರಲ್ಲಿದ್ರ್.”

“ಇವ್ರಿಗ್ ಗೊತ್ತಿತ್ತಾ?”

“ವರ್ಷಾ ವರ್ಷಾ ಫೋನ್ ಮಾಡಿ ಕೇಂತಿದ್ರ್. ಗುಲಾಬಿದ್ ಎಷ್ಟ್ ಆಯ್ತಾ, ಅಂದೆಳಿ.”

ತನ್ನದೆಷ್ಟು ಎಂದು ಒಮ್ಮೆಯೂ ಕೇಳಿರಲಿಲ್ಲವಂತೆ.

ಶರ್ಮಿಳಾ ಚಂದಣ್ಣನ ಕೈಯಿಂದ ಚೊಂಬು ತೆಗೆದುಕೊಂಡು ತೆಂಗಿನ ಬುಡಕ್ಕೆ ನಡೆದಳು. ಗುಲಾಬಿ ಹಿಂದೆ ಸರಿದಳು. ಶರ್ಮಿಳಾ ಅವಳ ಮೊಣಕೈ ಹಿಡಿದು ಕರೆತಂದಳು.

ಕ್ರಮ ಅಂತ ಒಂದಿದೆ ಎಂದು ಚಂದಣ್ಣ ಗೊಣಗಿದ.

“ಮೊದ್ಲ್ ಇವ್ಳ್ ನೀರ್ ಬಿಡ್ಲಿ, ಭಾವ.”

ಗುಲಾಬಿ ಚಿಪ್ಪು ತಾಗಿ ಗೀರುಬಿದ್ದ ಬೆರಳುಗಳಿಂದ ತುಳಸಿ ಎಲೆ ಅದ್ದಿದಳು. ಅವಳ ಹಿಂದೆ ಶರ್ಮಿಳಾ ನಿಂತಳು. ಶರ್ಮಿಳಾಳ ಹಿಂದೆ ಉಳಿದವರು.